ಸ್ಪಷ್ಟನೆ: ಹ್ಯಾನ್‌ಕಾಕ್ ಬಾಯಿಗೆ ಬಂದದ್ದು ಹೇಳಿದ್ದಲ್ಲ

ಬ್ರಿಟಿಷ್ ಹಾಸ್ಯನಟ ಟೋನಿ ಹ್ಯಾನ್‌ಕಾಕ್ ಅವರ ಬಿಬಿಸಿ ಟೀವಿ ಹಾಸ್ಯ ಸರಣಿಯ 1961ರ ‘ದಿ ಬ್ಲಡ್ ಡೋನರ್’ (ರಕ್ತದಾನಿ) ಕಂತಿನ ತುಣುಕು ಮತ್ತೆ ಓಡಾಡುತ್ತಿದೆ. ‘ಟೋನಿ ಹ್ಯಾನ್‌ಕಾಕ್ ಸ್ಕ್ರಿಪ್ಟೇ ಇಲ್ಲದೆ ಸ್ಥಳದಲ್ಲೇ ಹೇಳಿದ ಮಾತುಗಳಿವು’ ಎಂದು ಜೊತೆಗೊಂದು ಒಕ್ಕಣೆ. ಇದು ತಪ್ಪು.

ಬರೆದವರು ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್. ಕ್ಷಯದ ಆಸ್ಪತ್ರೆಯಲ್ಲಿ ರೋಗಿಗಳಾಗಿದ್ದಾಗ ಪರಿಚಯವಾದ ಹುಡುಗರು. 1954ರಲ್ಲಿ ರೇಡಿಯೋದಲ್ಲಿ, 1956ರಿಂದ ಟೀವಿಯಲ್ಲಿ ಹ್ಯಾನ್‌ಕಾಕ್‌ಗಾಗಿ ಬರೆದರು. ರಕ್ತದಾನಕ್ಕೆ ಹೋಗಿ, ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದರೆ ಮುಗಿಯಿತು ಅಂದುಕೊಂಡವನು, ಒಂದು ಪಿಂಟ್ (ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು) ಬೇಕು ಅಂದಾಗ ‘ಹತ್ತಿರ ಹತ್ತಿರ ಒಂದು ತೋಳಿನಷ್ಟಾಯ್ತಲ್ಲ!’ ಅಂತ ಹೌಹಾರುತ್ತಾನಲ್ಲ, ಅದೂ ಇವರದೇ.

ಇನ್ನೊಂದು ವಿಷಯ. ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ ಕಾರು ಅಪಘಾತದಲ್ಲಿ ಹ್ಯಾನ್‌ಕಾಕ್ ತಲೆಗೆ ಪೆಟ್ಟಾಗಿತ್ತು. ಮಾತು ಬಾಯಿಪಾಠ ಆಗಲಿಲ್ಲ, ಓದಿಯೇ ಹೇಳಿದರು. ಕಣ್ಣು ಗಮನಿಸಿ: ಎದುರಿನ ನಟನನ್ನು ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಸ್ಕ್ರಿಪ್ಟ್ ಇಲ್ಲದಿದ್ದರೆ ಓದುವುದೇನನ್ನು?

ಆದರೂ ನಗು ಉಕ್ಕುತ್ತದೆ. ಅದು ಮಾತ್ರ ಪೂರ್ತಿ ಹ್ಯಾನ್‌ಕಾಕ್ ಪ್ರತಿಭೆ.

ಅದೇ ವರ್ಷ ಅವರು ಈ ಜೋಡಿಯಿಂದ ದೂರವಾದರು. ಗಾಲ್ಟನ್–ಸಿಂಪ್ಸನ್ ಸುಮ್ನೆ ಕೂರಲಿಲ್ಲ. 1962ರಲ್ಲಿ ಗುಜರಿ ವ್ಯಾಪಾರಿ ಅಪ್ಪ-ಮಗನ ಜಗಳದ ‘ಸ್ಟೆಪ್ಟೋ ಆ್ಯಂಡ್ ಸನ್’ ಟೀವಿ ಹಾಸ್ಯ ಸರಣಿ ಶುರುಮಾಡಿದರು.