ತಿದ್ದಿದ ಸಂಖ್ಯೆ ಅವರಿಗೆ ಕಾಣದಿದ್ದರೆ ಸುಳ್ಳುಗಾರರು ನಾವೇ?

ಪಿಡಿಎಫ್ ನಮೂನೆಯಲ್ಲಿ ತುಂಬಿ ಕಳುಹಿಸಿದ ಅಣ್ಣನ ಮಗಳ ನೌಕರಿಯ ಅರ್ಜಿ ರಾಯಚೂರಿನ ಕಚೇರಿಯೊಂದರಿಂದ ಮೂರು ಸಲ ಮರಳಿ ಬಂದಿದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ನೌಕರಿ ಮೀಸಲಾತಿಗಾಗಿ ಕೊಡುವ ಅರ್ಹತಾ ಪ್ರಮಾಣಪತ್ರದ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿದೆ ಎಂಬುದೇ ಮೂರು ಸಲವೂ ಕೊಟ್ಟ ಕಾರಣ. ಮೊದಲ ಸಲದ ತಪ್ಪು ನಮ್ಮದು, ಒಪ್ಪುತ್ತೇನೆ. ಆದರೆ ಅದೇ ದಿನ ಆ ಅಂಕಿಯನ್ನು ತಿದ್ದಿ, ಸೇವ್ ಮಾಡಿ, ಕಡತವನ್ನು ಮುಚ್ಚಿ ಮತ್ತೆ ತೆರೆದು, ಸರಿಯಾದ ಸಂಖ್ಯೆ ಇರುವುದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಮೇಲ್ ಮಾಡಿದ್ದು. ಅದಕ್ಕೆ ಬಂದ ಉತ್ತರ, ‘ತಿದ್ದದೆ ಹಳೆಯ ಅರ್ಜಿಯನ್ನೇ ಮತ್ತೆ ಕಳುಹಿಸಿದ್ದೀರಿ’ ಎಂದು.

ಹೀಗೆ ಅರ್ಜಿ ಎರಡನೆಯ ಸಲವೂ ಮರಳಿದಾಗ ಸಿಂಧನೂರಿನಿಂದ ಬೆಳಗಿನ ಬಸ್ಸು ಹಿಡಿದು, ಮಾನ್ವಿ ದಾಟಿ ರಾಯಚೂರಿನ ಆ ಕಚೇರಿಗೆ ಹೋದೆ. ಅವರ ಕಂಪ್ಯೂಟರಿನಲ್ಲಿ ಕಂಡದ್ದು ನಿಜವಾಗಿಯೂ ಹಳೆಯ ಸಂಖ್ಯೆಯೇ. ‘ಆ ಖಾನೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಸರ್’ ಎಂದು ಬೇಡಿಕೊಂಡೆ. ಅವರು ಕ್ಲಿಕ್ ಮಾಡಿದೊಡನೆ ಹೊಸ ಸಂಖ್ಯೆ ಮೂಡಿತು. ಪಕ್ಕದ ಖಾನೆಗೆ ಹೋದೊಡನೆ ಮತ್ತೆ ಹಳೆಯದೇ ಬಂತು. ಇಷ್ಟನ್ನು ಕಣ್ಣೆದುರು ನೋಡಿಯೂ ಅವರು ಹೇಳಿದ್ದು, ‘ಪ್ರಿಂಟ್‌ನಲ್ಲಿ ಹಳೆಯದೇ ಬರುತ್ತದೆ, ನೀವೇ ಸರಿ ಮಾಡಿಸಿಕೊಂಡು ಕಳುಹಿಸಿ’ ಎಂದು.

ಇದರಲ್ಲಿ ಯಾವ ಮಾಯೆಯೂ ಇಲ್ಲ. ತುಂಬಬಹುದಾದ ಪಿಡಿಎಫ್ ನಮೂನೆಯ ಪ್ರತಿ ಖಾನೆಗೂ ಎರಡು ಸಂಗತಿಗಳು ಬೇರೆ ಬೇರೆಯಾಗಿ ಉಳಿಯುತ್ತವೆ: ನಾವು ಬರೆದ ಮೌಲ್ಯ ಒಂದು, ಅದು ಪರದೆಯ ಮೇಲೆ ಹೇಗೆ ಕಾಣಬೇಕೆಂಬ ಸಿದ್ಧಚಿತ್ರ ಇನ್ನೊಂದು. ಕೆಲವು ತಂತ್ರಾಂಶಗಳು ಮೌಲ್ಯವನ್ನು ಮಾತ್ರ ಬದಲಿಸಿ, ‘ತೆರೆಯುವವರು ಚಿತ್ರವನ್ನು ಹೊಸದಾಗಿ ಬರೆದುಕೊಳ್ಳಲಿ’ ಎಂಬ ಸೂಚನೆಯೊಂದನ್ನು ಕಡತದಲ್ಲಿ ಇಟ್ಟು ಸುಮ್ಮನಾಗುತ್ತವೆ. ಆ ಸೂಚನೆಯನ್ನು ಪಾಲಿಸುವ ತಂತ್ರಾಂಶದಲ್ಲಿ ಹೊಸ ಸಂಖ್ಯೆ, ಪಾಲಿಸದ ತಂತ್ರಾಂಶದಲ್ಲಿ ಹಳೆಯ ಚಿತ್ರ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಂಡದ್ದು ಕಚೇರಿಯಲ್ಲಿ ಕಾಣದೆ ಹೋದದ್ದು ಇದರಿಂದಲೇ. 2008ರಲ್ಲಿ ಪಿಡಿಎಫ್ ಅಂತರರಾಷ್ಟ್ರೀಯ ಮಾನಕವಾಯಿತು, 2017ರ 2.0 ಆವೃತ್ತಿಯಲ್ಲಿ ಈ ಸೂಚನೆಯನ್ನು ನೆಚ್ಚಿಕೊಳ್ಳುವ ಪದ್ಧತಿಯನ್ನೇ ಕೈಬಿಡುವಂತೆ ಹೇಳಿ, ಚಿತ್ರವೂ ಕಡತದೊಳಗೇ ಇರಬೇಕೆಂದು ವಿಧಿಸಲಾಗಿದೆ. ಅಂದರೆ ಈ ತೊಂದರೆ ಬಲ್ಲವರಿಗೆ ಹೊಸದಲ್ಲ. ನಮೂನೆಯನ್ನು ಹೊರಡಿಸುವ ಮುನ್ನ ಎರಡು ಮೂರು ಬಗೆಯ ತಂತ್ರಾಂಶಗಳಲ್ಲಿ ತುಂಬಿ, ತಿದ್ದಿ, ಸೇವ್ ಮಾಡಿ, ತಮ್ಮದೇ ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು.

ನನಗೆ ಸಿಟ್ಟು ಬಂದಿರುವುದು ತಂತ್ರಾಂಶದ ಮೇಲಲ್ಲ. ಊರಿಗೆ ಮರಳಿ, ಸರಿಯಾದ ಸಂಖ್ಯೆ ಕಾಣುತ್ತಿದ್ದ ಪುಟವನ್ನೇ ಪ್ರಿಂಟ್ ಆಯ್ಕೆಯಿಂದ ಹೊಸ ಪಿಡಿಎಫ್ ಆಗಿ ಉಳಿಸಿದೆ. ಹಾಗೆ ಉಳಿಸಿದರೆ ಖಾನೆಗಳು ಅಳಿದು, ಕಾಣುವ ಅಕ್ಷರಗಳೇ ಪುಟದಲ್ಲಿ ನಿಲ್ಲುತ್ತವೆ, ಯಾವ ಕಂಪ್ಯೂಟರಿನಲ್ಲಿಯೂ ಬದಲಾಗುವುದಿಲ್ಲ. ಮೂರನೆಯ ಸಲ ಅದನ್ನು ಮೂಲ ಕಡತದೊಡನೆ ಕಳುಹಿಸಿದರೆ, ‘ತುಂಬಬಹುದಾದ ನಮೂನೆಯನ್ನು ಮಾತ್ರ ಸ್ವೀಕರಿಸಲಾಗುವುದು, ಅದರಲ್ಲಿ ಸಂಖ್ಯೆ ಈಗಲೂ ತಪ್ಪಿದೆ’ ಎಂದು ಬರೆದರು. ಪ್ರಮಾಣಪತ್ರದ ಸ್ಕ್ಯಾನ್ ಪ್ರತಿ ಅದೇ ಮೇಲ್‌ನಲ್ಲಿತ್ತು. ಅದನ್ನು ತೆರೆದು ಸಂಖ್ಯೆಯನ್ನು ಹೋಲಿಸಿ ನೋಡುವ ಕೆಲಸ ಯಾರದು?

ಆ ಪ್ರಮಾಣಪತ್ರಕ್ಕಾಗಿ ಹುಡುಗಿ ಶಾಲೆಯ ದಾಖಲೆಗಳನ್ನು ಹೊತ್ತು ಎಷ್ಟು ಕಚೇರಿ ಅಲೆದಿದ್ದಾಳೆ ಎಂಬುದನ್ನು ನಾನು ಬಲ್ಲೆ. ಕೊನೆಯ ದಿನ ಶನಿವಾರ. ನಾಳೆ ಲ್ಯಾಪ್‌ಟಾಪನ್ನೂ ಮೂಲ ಪ್ರಮಾಣಪತ್ರವನ್ನೂ ತೆಗೆದುಕೊಂಡು ಅವಳೊಡನೆ ಮತ್ತೆ ರಾಯಚೂರಿಗೆ ಹೋಗುತ್ತೇನೆ. ಕಾಗದದ ನಮೂನೆ ಕೊಡಿ, ನಿಮ್ಮ ಮೇಜಿನ ಮುಂದೆಯೇ ಪೆನ್ನಿನಲ್ಲಿ ಬರೆದುಕೊಡುತ್ತಾಳೆ ಎಂದು ಕೇಳುತ್ತೇನೆ. ಅದನ್ನೂ ಒಪ್ಪದಿದ್ದರೆ, ಒಪ್ಪುವುದಿಲ್ಲವೆಂದು ಸಹಿ ಹಾಕಿ ಬರೆದುಕೊಡುವವರೆಗೆ ಅಲ್ಲಿಂದ ಕದಲುವುದಿಲ್ಲ.