ಮಾಡ್ಯೂಲ್ 3 ಮುಗಿಸದವರು

“ಸರ್, ವಾಲಂಟಿಯರ್ ಆಗಿ ನೀವು ಇನ್ನೂ ಬೆಳೆಯಬೇಕು” ಎಂದು ಸಂಸ್ಥೆಯವರು ಫೋನಿನಲ್ಲಿ ಹೇಳಿದಾಗ ನಾನು ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದೆ. ಐವತ್ತನಾಲ್ಕು ದಾಟಿದ ಮೇಲೆ ನನ್ನಲ್ಲಿ ಬೆಳೆಯುತ್ತಿರುವುದು ಹೊಟ್ಟೆ ಮತ್ತು ಸೊಸೈಟಿಯ ಸಾಲ, ಎರಡೇ. ಮೂರನೆಯದೂ ಒಂದು ಇರಲಿ ಎಂದು ಒಪ್ಪಿಕೊಂಡೆ.

ಸಂಗತಿ ಇಷ್ಟು. ವಿದೇಶದ ಮಕ್ಕಳನ್ನು ಇಲ್ಲಿಗೆ ಕರೆಸಿ, ಇಲ್ಲಿಯ ಮಕ್ಕಳನ್ನು ಅಲ್ಲಿಗೆ ಕಳುಹಿಸುವ ವಿದ್ಯಾರ್ಥಿ ವಿನಿಮಯ ಸಂಸ್ಥೆಯೊಂದಕ್ಕೆ ನಾನು ಕಾಸರಗೋಡಿನ ಬದಿಯಡ್ಕದ ಕಡೆಯ ಸ್ವಯಂಸೇವಕ. ಬಂದ ಹುಡುಗ ಒಂದು ಮನೆಯಲ್ಲಿ ಮನೆಯ ಮಗನಂತೆ ಇದ್ದು ಶಾಲೆಗೆ ಹೋಗಬೇಕು. ಆ ಮನೆಯವರಿಗೆ ದುಡ್ಡಿಲ್ಲ, ಪುಣ್ಯ ಉಂಟು. ಮನೆಯವರಲ್ಲದ ಇನ್ನೊಬ್ಬ ತಿಂಗಳಿಗೊಮ್ಮೆ ಹುಡುಗನನ್ನು ಕೂರಿಸಿ “ಎಂತ ಮಾರಾಯ, ಹೇಗಿದ್ದಿ?” ಎಂದು ಕೇಳಿ ವರದಿ ಕಳುಹಿಸಬೇಕು. ಆ ಇನ್ನೊಬ್ಬ ನಾನು. ನನ್ನ ಅರ್ಹತೆ ಒಂದು ಸ್ಕೂಟರ್ ಮತ್ತು ಹರಕು ಇಂಗ್ಲಿಷ್.

ಬೆಳೆಯಲಿಕ್ಕೆಂದು ಸ್ವಂತ ಖರ್ಚಿನಲ್ಲಿ ರಾತ್ರಿ ರೈಲು ಹತ್ತಿ ದಕ್ಷಿಣದ ದೊಡ್ಡ ಊರಿಗೆ ತರಬೇತಿಗೆ ಹೋದೆ. ಎ.ಸಿ. ಹಾಲು, ಕುತ್ತಿಗೆಗೆ ಹೆಸರಿನ ಚೀಟಿ. ಮೊದಲ ಸ್ಲೈಡಿನಲ್ಲಿ ಆಂಬುಲೆನ್ಸ್. ಈ ಕ್ಷೇತ್ರದ ಹಿರಿಯ ಸಂಸ್ಥೆ ಎ.ಎಫ್.ಎಸ್. (ಅಮೆರಿಕನ್ ಫೀಲ್ಡ್ ಸರ್ವಿಸ್) ಹುಟ್ಟಿದ್ದು ಹಾಗೆ. ಮೊದಲ ಮಹಾಯುದ್ಧದಲ್ಲಿ, 1915ರ ಸುಮಾರಿಗೆ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಹೊತ್ತು ತಂದ ಅಮೆರಿಕದ ಸ್ವಯಂಸೇವಕ ಚಾಲಕರ ಪಡೆ ಅದು. ಎರಡನೇ ಯುದ್ಧದಲ್ಲೂ ಓಡಿಸಿದರು. ಆಮೇಲೆ ಸುಮ್ಮನೆ ಮನೆಗೆ ಹೋಗದೆ 1947ರಲ್ಲಿ ಶಾಲಾಮಕ್ಕಳ ವಿನಿಮಯ ಶುರುಮಾಡಿದರು. ನಮ್ಮ ಸಂಸ್ಥೆ ಅದಲ್ಲ, ಆದರೆ ಸ್ಲೈಡಿನಲ್ಲಿ ಆಂಬುಲೆನ್ಸನ್ನು ಎಲ್ಲರೂ ಓಡಿಸುತ್ತಾರೆ. ಗುಂಡು ಬೀಳುವ ರಸ್ತೆಗೆ ಹೊರಟ ಆ ಹುಡುಗರಿಗೆ ಯಾರಾದರೂ ‘ಲರ್ನಿಂಗ್ ಜರ್ನಿ’ಯ ನಕ್ಷೆ ಕೊಟ್ಟಿದ್ದರೋ ಎಂದು ಕೇಳಬೇಕೆನಿಸಿತು. ಚಹಾ ಬಂತು, ಕೇಳಲಿಲ್ಲ.

ಮುಂದಿನದು ಹಿಮಬಂಡೆ. ಸಂಸ್ಕೃತಿ ಎಂದರೆ ಹಿಮಬಂಡೆಯ ಹಾಗೆ, ಮೇಲೆ ಕಾಣುವುದು ಸ್ವಲ್ಪ, ನೀರಿನ ಅಡಿಯಲ್ಲಿರುವುದೇ ಹೆಚ್ಚು ಎಂದರು. ಪಕ್ಕದಲ್ಲಿದ್ದ ಮಂಜೇಶ್ವರದವರು ನನ್ನ ಕಿವಿಯಲ್ಲಿ, “ಬಾವಿಯೊಳಗಿನ ಆಮೆ ಅಂದಿದ್ದರೆ ಸಾಕಿತ್ತಲ್ಲ ಭಟ್ರೇ, ಇಷ್ಟು ದೂರದಿಂದ ಮಂಜುಗಡ್ಡೆ ಯಾಕೆ ತರಿಸಿದ್ದು?” ಎಂದರು.

ಮೂರನೆಯದಕ್ಕೆ ಮಾಡ್ಯೂಲ್ 3 ಎಂದು ಹೆಸರು. ಅದೊಂದು ಆಟ. ಅರ್ಧ ಮಂದಿ ಆಲ್ಫಾ ನಾಡಿನವರು, ಅರ್ಧ ಮಂದಿ ಬೀಟಾ ನಾಡಿನವರು. ಬೀಟಾದವರಿಗೆ ಕಟ್ಟಿ ಮಾಡಿದ ಒಂದು ಭಾಷೆ. ಒಬ್ಬರ ನಾಡಿಗೆ ಇನ್ನೊಬ್ಬರು ಹೋಗಿ, ಏನೂ ತಿಳಿಯದೆ ಒದ್ದಾಡಿ, ಬೇಸರಪಟ್ಟು, ಕೊನೆಗೆ ಎಲ್ಲರೂ ವೃತ್ತಾಕಾರವಾಗಿ ಕೂತು ಆ ಬೇಸರವನ್ನು ಹಂಚಿಕೊಳ್ಳಬೇಕು. ನಾನು ಆಲ್ಫಾ, ಮಂಜೇಶ್ವರದವರು ಬೀಟಾ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿ ಬೆಳೆದವನಿಗೆ ಎಂಟನೆಯದು ಬಂತೆಂದು ಏನು ಹೆದರಿಕೆ? ಬೆರಳು ತೋರಿಸಿದೆ, ಅವರು ಒಂದು ಶಬ್ದ ಹೇಳಿದರು, ನಾನು ತಪ್ಪಾಗಿ ಹೇಳಿದೆ, ಇಬ್ಬರೂ ನಕ್ಕೆವು. ಐದು ನಿಮಿಷದಲ್ಲಿ ವ್ಯಾಪಾರ ಕುದುರಿತು. ತರಬೇತುದಾರರ ಮುಖ ಸಣ್ಣದಾಯಿತು. “ಸರ್, ನೀವು ಗೊಂದಲದ ಹಂತವನ್ನೇ ಹಾರಿಸಿಬಿಟ್ಟಿರಿ” ಎಂದು ಇಬ್ಬರ ಹೆಸರಿನ ಮುಂದೆಯೂ ‘ಅಪೂರ್ಣ’ ಎಂದು ಬರೆದುಕೊಂಡರು.

ಊಟದ ನಂತರ ಯು ಆಕಾರದ ಗೆರೆ. ನಾರ್ವೆಯ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ, ಅಮೆರಿಕಕ್ಕೆ ಹೋಗಿ ಬಂದ ತನ್ನ ನಾಡಿನವರನ್ನು ಮಾತಾಡಿಸಿ 1955ರಲ್ಲಿ ಹೇಳಿದ್ದು: ಪರನಾಡಿನಲ್ಲಿ ಮೊದಮೊದಲು ಖುಷಿ, ಆರು ತಿಂಗಳು ಕಳೆದರೆ ಮನಸ್ಸು ಕುಸಿಯುತ್ತದೆ, ಹದಿನೆಂಟು ತಿಂಗಳು ದಾಟಿದರೆ ಮತ್ತೆ ಏಳುತ್ತದೆ. ನನಗೆ ನಿದ್ದೆ ಹಾರಿಹೋಯಿತು. ಏಕೆಂದರೆ ಮರುವರ್ಷವೇ, 1956ರ ನವೆಂಬರ್ 1ಕ್ಕೆ, ನಮ್ಮ ಕಾಸರಗೋಡು ತಾಲೂಕಿಗೆ ತಾಲೂಕೇ ವಿನಿಮಯಕ್ಕೆ ಹೋದದ್ದು. ಯಾರೂ ಪೆಟ್ಟಿಗೆ ಕಟ್ಟಲಿಲ್ಲ, ಹೊಸ್ತಿಲು ದಾಟಲಿಲ್ಲ. ದಕ್ಷಿಣ ಕನ್ನಡದಲ್ಲಿ ಮಲಗಿದ ಅಜ್ಜಂದಿರು ಕೇರಳದಲ್ಲಿ ಎದ್ದರು. ಹೊರಡುವ ಮುಂಚಿನ ತರಬೇತಿ ಇಲ್ಲ, ತಿಂಗಳಿಗೊಮ್ಮೆ “ಹೇಗಿದ್ದಿ” ಎನ್ನುವವರಿಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗಕ್ಕೆ ಹಿಂದಿರುಗುವ ಟಿಕೆಟು ಬರೆದುಕೊಟ್ಟಿತು. ಅದು ಇವತ್ತಿಗೂ ವೇಯ್ಟಿಂಗ್ ಲಿಸ್ಟಿನಲ್ಲೇ ಇದೆ. ನಮ್ಮ ಹದಿನೆಂಟು ತಿಂಗಳು ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳುತ್ತೇವೆ ಎಂದರು. ಕೊನೆಯಲ್ಲಿ ಗ್ರೂಪ್ ಫೋಟೋ ಇತ್ತು.

ಬೆಳೆದು ಊರಿಗೆ ಬಂದೆ. ಅದೇ ವರ್ಷ ನಮ್ಮ ನೆರೆಯ ಮಾಷ್ಟ್ರ ಮನೆಗೆ ಇಟಲಿಯ ಹದಿನಾರರ ಹುಡುಗ ಬಂದದ್ದು. ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಮನೆಯವರು ‘ಫಾರ್ಮ್ ಸಿ’ ತುಂಬಬೇಕಿತ್ತು, 14 ದಿನದೊಳಗೆ ಹುಡುಗನ ಹೆಸರು ನೋಂದಾಯಿಸಬೇಕಿತ್ತು. ನನ್ನ ಎರಡು ದಿನದ ತರಬೇತಿಯಲ್ಲಿ ಹಿಮಬಂಡೆ ಇತ್ತು, ಈ ಫಾರ್ಮ್ ಇರಲಿಲ್ಲ. ಕರೆಂಟು ಹೋಗಿ ಬರುವ ನಡುವೆ ಮಾಷ್ಟ್ರೇ ಕೂತು ತುಂಬಿಸಿದರು. ಹುಡುಗನ ಕೈಯಲ್ಲಿ ‘ಭಾರತದ ಭಾಷೆ’ ಎಂದು ಸಂಸ್ಥೆ ಕೊಟ್ಟ ಹಿಂದಿಯ ಪುಸ್ತಕ. ಮಾಷ್ಟ್ರ ತಾಯಿಗೆ ಅವನು “ನಮಸ್ತೇ ದಾದೀ ಜೀ” ಎಂದ. ಅಜ್ಜಿ ಒಳಗೆ ಬಂದು, “ಪಾಪ, ಯಾವುದೋ ಬ್ಯಾಂಕಿನ ಮ್ಯಾನೇಜರು ಕಾಣುತ್ತದೆ, ಕಾಫಿ ಕೊಡಿ” ಎಂದರು.

ಒಂದು ರಾತ್ರಿ ಹನ್ನೊಂದಕ್ಕೆ ಹುಡುಗನಿಗೆ ಜ್ವರ ಏರಿತು. ಸಹಾಯವಾಣಿಗೆ ಫೋನು ಮಾಡಿದರೆ ಸಂಗೀತ ಬಂತು, ಚೆನ್ನಾಗಿತ್ತು. ಪೇಟೆಯಲ್ಲಿ ಆಟೋ ಓಡಿಸುವ ಇಚ್ಚ ಬಂದು ಮಳೆಯಲ್ಲಿ ಆಸ್ಪತ್ರೆಗೆ ಸೇರಿಸಿ, ಬೆಳಗಿನವರೆಗೆ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಮರುದಿನ ಸಂಸ್ಥೆಯಿಂದ ಘಟನಾ ವರದಿಯ ಫಾರ್ಮ್ ಬಂತು, ಒಂಬತ್ತು ಪುಟ. ಆಟೋ ಬಾಡಿಗೆ ಸಿಗಲಿಲ್ಲ, ಯಾಕೆಂದರೆ ಅವರು ಅನುಮೋದಿತ ಸ್ವಯಂಸೇವಕರಲ್ಲ. ನನ್ನ ಪೆಟ್ರೋಲಿನದೂ ಇದೇ ಕತೆ. ಬಿಲ್ಲುಗಳನ್ನು ಮೂರು ತಿಂಗಳಿಗೊಮ್ಮೆ ಕಳುಹಿಸಬೇಕು, ಪಂಪಿನ ಬಿಲ್ಲಿನ ಅಕ್ಷರ ಎರಡು ತಿಂಗಳಿಗೇ ಮಾಸಿಹೋಗುತ್ತದೆ. ಬೋಳು ಕಾಗದಗಳನ್ನು ಕಳುಹಿಸಿದೆ. ಉತ್ತರವಾಗಿ ಕೃತಜ್ಞತಾ ಸಪ್ತಾಹದಲ್ಲಿ ಮೊಬೈಲಿಗೆ ಒಂದು ಬೆಳ್ಳಿ ಬ್ಯಾಡ್ಜ್ ಬಂತು. ಅದನ್ನು ಟ್ಯಾಂಕಿಗೆ ಹಾಕಲು ಬರುವುದಿಲ್ಲ.

ಮಾರ್ಚಿನಲ್ಲಿ ಊರ ದೇವಸ್ಥಾನದ ಬ್ರಹ್ಮಕಲಶ. ಹುಡುಗ ತಾನೂ ಬರುತ್ತೇನೆಂದ. ಎದೆಗೆ ಬಟ್ಟೆಯ ಬ್ಯಾಡ್ಜ್ ಚುಚ್ಚಿ, ಮುಂಡು ಉಡಿಸಿ ಊಟದ ಚಪ್ಪರಕ್ಕೆ ಬಿಟ್ಟೆವು. ಅಲ್ಲಿ ನಲವತ್ತು ವರ್ಷದಿಂದ ಬಡಿಸುವ ಒಬ್ಬರು ಹಿರಿಯರು ಅವನ ಕೈಗೆ ಸಾರಿನ ಬಕೆಟು ಕೊಟ್ಟು ಕನ್ನಡದಲ್ಲೇ ಹೇಳಿದರು: “ಅನ್ನದವನ ಹಿಂದೆಯೇ ಹೋಗು. ಮುಂದೆ ಹೋಗಬೇಡ. ಎಲೆ ನೋಡು, ಮುಖ ನೋಡಬೇಡ.” ಹುಡುಗನಿಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಅನ್ನದವನ ಹಿಂದೆಯೇ ಹೋದ. ಮೊದಲ ಪಂಕ್ತಿಯಲ್ಲಿ ಇಬ್ಬರ ಮೇಲೆ ಚೆಲ್ಲಿದ, ಮೂರನೆಯದರಲ್ಲಿ ಯಾರ ಮೇಲೂ ಇಲ್ಲ. ಮಧ್ಯಾಹ್ನ ಮೂರೂವರೆಗೆ ಬಡಿಸಿದವರ ಪಂಕ್ತಿ ಕೂತಾಗ ಆ ಹಿರಿಯರು ಉಗ್ರಾಣದಿಂದ ಮುಚ್ಚಿಟ್ಟ ಪಾತ್ರೆ ತಂದರು. ಗಟ್ಟಿ ಪಾಯಸ. ಹುಡುಗನ ಎಲೆಗೆ ಎರಡು ಸೌಟು.

ನಮ್ಮಲ್ಲಿ ಸರಕಾರದ್ದೂ ಒಂದು ವಿನಿಮಯ ಕಾರ್ಯಕ್ರಮ ಉಂಟು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸುವುದು. ಹೆತ್ತವರು ಗೇಟಿನ ಮುಂದೆ ಕೂರುತ್ತಾರೆ, ಮನವಿ ಕೊಡುತ್ತಾರೆ, ಮುಂದಿನ ವರ್ಷ ಇನ್ನೊಂದು ಶಾಲೆ. ಇಲ್ಲಿ ಆತಿಥೇಯರು ಮಕ್ಕಳೇ. ನಮ್ಮ ಆಚೆಮನೆಯ ಹುಡುಗಿ ಆರನೇ ಕ್ಲಾಸು. ಸರ್ ಬೋರ್ಡಿನ ಮೇಲೆ ಬರೆದು “ಸಮಚತುರಂ” ಎಂದರೆ ಇವಳು ಎದ್ದು ನಿಂತು “ಚೌಕ, ಸರ್” ಎನ್ನುತ್ತಾಳೆ. ಅವರು ಮಲಯಾಳ ಲಿಪಿಯಲ್ಲಿ ‘ಚೌಕ’ ಎಂದು ಬರೆದುಕೊಳ್ಳುತ್ತಾರೆ. “ಪಾಪ ಮಾವ, ಒಳ್ಳೆ ಸರ್. ಊರು ತುಂಬ ದೂರವಂತೆ, ಇಲ್ಲಿಯ ಸಾಂಬಾರು ಸೇರುವುದಿಲ್ಲವಂತೆ” ಎಂದು ನನಗೆ ವರದಿ ಒಪ್ಪಿಸಿದಳು. ತಿಂಗಳಿಗೊಮ್ಮೆ ನಾನು ಬರೆಯುವ ವರದಿಗಿಂತ ಚೆನ್ನಾಗಿತ್ತು. ಕ್ಲಾಸಿನ ಗಣಿತ ಮಾತ್ರ ಎರಡು ಪಾಠ ಹಿಂದೆ ಉಳಿದಿತ್ತು.

ವರ್ಷದ ಕೊನೆಗೆ ಸಂಸ್ಥೆಯಿಂದ ಮೇಲ್: ‘ನಿಮ್ಮ ಪ್ರದೇಶದ ಮಾದರಿ ಸ್ವಯಂಸೇವಕರನ್ನು ಸೂಚಿಸಿ.’ ಬಡಿಸುವ ಹಿರಿಯರು, ಆಟೋದ ಇಚ್ಚ, ಆಚೆಮನೆಯ ಹುಡುಗಿ, ಮೂರು ಹೆಸರು ಕಳುಹಿಸಿದೆ. ಎರಡೇ ದಿನದಲ್ಲಿ ಉತ್ತರ ಬಂತು, ಜ್ವರದ ರಾತ್ರಿಗಿಂತ ಬೇಗ. ಮೊದಲನೆಯವರಿಗೆ ಇ-ಮೇಲ್ ಇಲ್ಲ. ಎರಡನೆಯವರ ಪೊಲೀಸ್ ಪರಿಶೀಲನೆ ಆಗಿಲ್ಲ. (ಅದು ಆಗಲೇಬೇಕಾದ್ದು, ಪರರ ಮಕ್ಕಳ ವಿಷಯ. ಆದರೆ ಮಾಡಿಸಬೇಕಾದವರು ಯಾರೆಂದು ಬರೆದಿರಲಿಲ್ಲ.) ಮೂರನೆಯವರಿಗೆ 18 ತುಂಬಿಲ್ಲ. ಅದೂ ಅಲ್ಲದೆ ಮೂವರೂ ಮಾಡ್ಯೂಲ್ 3 ಮುಗಿಸಿಲ್ಲ.

ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ‘ಸರ್, ನಿಮ್ಮದೂ ಬಾಕಿ ಇದೆ.’