ಮೆಟ್ಟಿಲು ಹತ್ತದೆ ರೇಟು ಹೇಳುವವರು

ಕುವೆಂಪುನಗರದ ನಮ್ಮ ಮನೆ ಅಪ್ಪ 1998ರಲ್ಲಿ ಕಟ್ಟಿಸಿದ್ದು. ಇಷ್ಟು ವರ್ಷ ಸುಮ್ಮನಿದ್ದ ತಾರಸಿ ಅದೊಂದು ಮೇ ತಿಂಗಳ ಮಳೆಗೆ ಸೋರಲು ಶುರುವಾಯಿತು. ಮೊದಲು ಹಾಲ್ ಫ್ಯಾನಿನ ಪಕ್ಕ ಟೀ ಚೆಲ್ಲಿದಂಥ ಕಲೆ. ಆಮೇಲೆ ತೊಟ್ಟು. ಅಮ್ಮ ಕೆಳಗೊಂದು ಬೋಸಿ ಇಟ್ಟರು. ರಾತ್ರಿಯಿಡೀ ಟಣ್, ಟಣ್.

ಮೊದಲು ಬಂದ ಕಂಟ್ರಾಕ್ಟರ್ ಸೋಫಾದಲ್ಲಿ ಕೂತು ಕಾಫಿ ಕುಡಿದ. ಕೂತಲ್ಲಿಂದಲೇ ಕತ್ತೆತ್ತಿ ಕಲೆ ನೋಡಿದ. "ಚದರಡಿ ಲೆಕ್ಕ ಸಾರ್. ಹತ್ತು ವರ್ಷ ಗ್ಯಾರಂಟಿ. ಕಣ್ಣು ಮುಚ್ಕೊಂಡು ಮಲ್ಕೊಳ್ಳಿ" ಅಂದ. ನಾನು ಕಣ್ಣು ಮುಚ್ಚಿಕೊಂಡೇ ಅರ್ಧಕ್ಕಿಂತ ಜಾಸ್ತಿ ಅಡ್ವಾನ್ಸ್ ಕೊಟ್ಟೆ. ಹುಡುಗರು ಬಂದು, ಧೂಳನ್ನೂ ನೆಟ್ಟಗೆ ಗುಡಿಸದೆ, ಬಿಳಿ ಕೆಮಿಕಲ್ ಬಳಿದು ಸಂಜೆಯೊಳಗೆ ಹೊರಟರು. ತಾರಸಿ ಚಾಮುಂಡಿ ಬೆಟ್ಟದಿಂದಲೂ ಕಾಣುವಷ್ಟು ಬೆಳ್ಳಗಾಯಿತು. ಚಿತ್ತೆ ಮಳೆಗೆ ಬೋಸಿ ಮತ್ತೆ ಅದೇ ಜಾಗಕ್ಕೆ ಬಂತು. ಫೋನ್ ಮಾಡಿದರೆ ಸ್ವಿಚ್ ಆಫ್.

ಎರಡನೆಯವರು ಮಂಡ್ಯ ಕಡೆಯ ಮೇಸ್ತ್ರಿ. ಕಾಫಿ ಆಮೇಲೆ ಅಂದವರೇ ನೇರ ಮೇಲೆ ಹತ್ತಿದರು. ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ಕುಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ ಹೋದರು. ಗಟ್ಟಿ ಇದ್ದ ಕಡೆ ಒಂದು ಸದ್ದು, ಟೊಳ್ಳಾದ ಕಡೆ ಇನ್ನೊಂದು. ಒಂದು ಬಕೆಟ್ ನೀರು ಸುರಿದರು. ನೀರು ಪೈಪಿನ ಬಾಯಿಗೆ ಹೋಗುವ ಬದಲು ಸೋಲಾರ್ ಸ್ಟ್ಯಾಂಡಿನ ಕಡೆಗೆ ಹರಿದು ನಿಂತಿತು! ಸೋಲಾರ್ ಹಾಕಿದವರು ಕಾಲು ಕೂರಿಸಲು ಸ್ಲ್ಯಾಬಿಗೇ ತೂತು ಕೊರೆದು ಬೋಲ್ಟ್ ಬಿಗಿದಿದ್ದರು. ಕೆಳಗಿನ ಕಲೆಗೂ ಅದಕ್ಕೂ ಆರು ಅಡಿ ದೂರ. "ನೀರು ಇಳಿಯೋ ಜಾಗ ಬೇರೆ, ತೊಟ್ಟಿಕ್ಕೋ ಜಾಗ ಬೇರೆ ಸಾರ್" ಅಂದರು.

ನಾನು ಹೇಳೋದು ಇಷ್ಟೇ. ನೀರು ಎಲ್ಲಿಂದ ಇಳಿಯುತ್ತಿದೆ ಅಂತ ತೋರಿಸದವರಿಗೆ ಕೆಲಸ ಕೊಡಬೇಡಿ. ಕೆಮಿಕಲ್ ಯಾವ ಕಂಪನಿದು ಅನ್ನೋದೆಲ್ಲ ಆಮೇಲಿನ ಮಾತು.

ಮೇಸ್ತ್ರಿ ಟೊಳ್ಳಾದ ಗಾರೆಯನ್ನೆಲ್ಲ ಕೆತ್ತಿಸಿದರು. ಹತ್ತು ಅಡಿಗೆ ಒಂದೂಕಾಲು ಇಂಚಿನ ಹಾಗೆ ಇಳಿಜಾರು ಕೊಟ್ಟರು. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಸಿಮೆಂಟಿನಲ್ಲಿ ದುಂಡಗೆ ಕಟ್ಟಿದರು, ಬಿರುಕು ಬಿಡೋದು ಹೆಚ್ಚಾಗಿ ಅಲ್ಲೇ ಅಂತೆ. ಒಂದು ವಾರ ಕ್ಯೂರಿಂಗ್, ಅಂದರೆ ಸಿಮೆಂಟ್ ಒಣಗದ ಹಾಗೆ ನೀರು ಹಾಕೋದು. ಕೆಮಿಕಲ್ ಬಳಿದು ಒಣಗಿದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ಕಟ್ಟಿ ಎರಡು ದಿನ ಬಿಟ್ಟರು. ಆ ಎರಡು ದಿನ ನಾನು ಟಾರ್ಚ್ ಹಿಡಿದು ಸೀಲಿಂಗ್ ನೋಡಿದ್ದೇ ನೋಡಿದ್ದು. ಅಮ್ಮನಿಗೆ ನಗು.

ದುಡ್ಡಿನ ಮಾತು ಬಿಳಿ ಹಾಳೆಯಲ್ಲಿ ಬರೆದುಕೊಂಡೆವು. ಎಷ್ಟು ಕೋಟು, ಯಾವ ಸಾಮಾನು, ಯಾವಾಗ ಎಷ್ಟು ಕೊಡೋದು, ಎಲ್ಲ. ಸಾಮಾನು ನಾನೇ ತಂದೆ, ಬಿಲ್ಲು ನನ್ನ ಹೆಸರಿಗೇ ಇರಲಿ ಅಂತ. ಕೊನೆಯ ಕಂತು ಒಂದು ಜೋರು ಮಳೆ ಆದಮೇಲೆ. ಮೇಸ್ತ್ರಿ ಇದಕ್ಕೆ ಒಪ್ಪಿದರು, ನನಗೆ ಅದೇ ದೊಡ್ಡ ಗ್ಯಾರಂಟಿ ಅನ್ನಿಸಿತು. ಹಿಂದೆ ಕೆಲಸ ಮಾಡಿದ ಮನೆ ತೋರಿಸಿ ಅಂತ ಎಲ್ಲರೂ ಕೇಳುತ್ತಾರೆ. ಹೋದ ತಿಂಗಳಿನ ಮನೆ ಬೇಡ, ಎರಡು ಮಳೆಗಾಲ ಕಂಡ ಮನೆ ಕೇಳಿ. ಮೊನ್ನೆ ಮಾಡಿದ್ದು ಎಲ್ಲಾ ಚೆನ್ನಾಗೇ ಕಾಣುತ್ತೆ, ಅಲ್ವಾ?

ಮದ್ದೂರು ಹತ್ತಿರ ನಮ್ಮ ಚಿಕ್ಕಪ್ಪ ನಾಡ ಹೆಂಚು ಇಳಿಸಿ ಸಿಮೆಂಟ್ ಶೀಟ್ ಹಾಕಿಸಿದರು. ಅಲ್ಲೂ ಇದೇ ಕತೆ. ಬೋಲ್ಟನ್ನು ಶೀಟಿನ ಉಬ್ಬಿನ ಮೇಲೆ ಹಾಕಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಅವಸರದ ಹುಡುಗರು ತಗ್ಗಿಗೇ ಹೊಡೆದು ಹೋಗಿದ್ದರು. ಕೆಳಗೆ ನಿಂತು ನೋಡಿದವರಿಗೆ ಅದು ಗೊತ್ತೇ ಆಗಲ್ಲ.

ಈ ಸಲ ಚಿತ್ತೆ ಮಳೆ ಹೊಡೆದ ಮರುದಿನ ಮೇಸ್ತ್ರಿ ಬಾಕಿಗೆ ಬಂದರು. ಸ್ಟೂಲ್ ಹತ್ತಿ ಹಳೇ ಕಲೆಯ ಮೇಲೆ ಅಂಗೈ ಇಟ್ಟು, ಒಣಗಿದೆ ಅಂದು ಇಳಿದರು. ಅಮ್ಮ ಕಾಫಿ ಕೊಟ್ಟರು. ಬೋಸಿ ಈಗ ಅಡುಗೆಮನೆಗೆ ವಾಪಸ್ ಹೋಗಿದೆ. ಕಲೆಗೆ ಮಾತ್ರ ಪೇಂಟ್ ಹೊಡೆಸಿಲ್ಲ. ಇನ್ನೊಂದು ಮೇ ಕಳೆಯಲಿ ಅಂತ ಕಾಯುತ್ತಿದ್ದೇನೆ.